ಎಂದೂ ಮಗುಚದವನು

ಆ ಊರಿನಲ್ಲಿ ಯಾರೂ ತಾಯಿಯ ಹೊಟ್ಟೆಯಿಂದ ವಯಸ್ಸು ಎಣಿಸುತ್ತಿರಲಿಲ್ಲ. ಕಡಲು ಒಬ್ಬನನ್ನು ದೋಣಿಯಿಂದ ಹೊರಗೆ ಚೆಲ್ಲಬೇಕು, ಅವನು ತಾನಾಗಿಯೇ ಮತ್ತೆ ದೋಣಿ ಹತ್ತಬೇಕು. ಹತ್ತಿ ಕೂತ ಗಳಿಗೆಯಿಂದ ಅವನ ವಯಸ್ಸು ಶುರು. ಮತ್ತೆ ಬಿದ್ದು ಮತ್ತೆ ಹತ್ತಿದರೆ, ಮತ್ತೆ ಮೊದಲಿನಿಂದ ಶುರು.

ಹಾಗಾಗಿ ಅಲ್ಲಿ ನರೆತ ಗಡ್ಡದ ಕೂಸುಗಳಿದ್ದವು. ಮೊಮ್ಮಗಳಿಗಿಂತ ಚಿಕ್ಕವರಾದ ಅಜ್ಜಿಯರಿದ್ದರು. ತಮ್ಮನ ಎದುರು ಕೈಕಟ್ಟಿ ನಿಲ್ಲುವ ಅಣ್ಣಂದಿರಿದ್ದರು. ಬಿದ್ದು ಹತ್ತಿ ಬಂದವನಿಗೆ ದಡದಲ್ಲಿ ಬಿಸಿನೀರು ಹೊಯ್ಯುತ್ತಿದ್ದರು. ಹಳೆಯ ಬಲೆಯಲ್ಲಿ ತೊಟ್ಟಿಲು ಕಟ್ಟಿ ತೂಗುತ್ತಿದ್ದರು. ಬೆರಳಿನಿಂದ ಗಂಜಿ ನೆಕ್ಕಿಸುತ್ತಿದ್ದರು. ಅವನ ಹಿಂದಿನ ಜಗಳಗಳೆಲ್ಲ ನೀರುಪಾಲು. ನಿನ್ನೆ ಅವನಿಗೆ ಶಾಪ ಹಾಕಿದವಳೇ ಇಂದು ಅವನ ಗಲ್ಲ ಹಿಂಡಿ, “ಯಾರ ಮನೆ ಕೂಸೋ ಇದು, ಆಗಲೇ ಮೀಸೆ ಬಂದುಬಿಟ್ಟಿದೆಯಲ್ಲ!” ಎನ್ನುತ್ತಿದ್ದಳು.

ಅಲ್ಲಿನ ದೋಣಿಗಳು ಒಬ್ಬರಿಗೊಂದು. ಹುಣಸೆಕಾಯಿಯಂತೆ ಸಣಕಲು, ಮೇಲೆಲ್ಲ ಮುಚ್ಚಿದ್ದು, ನಡುವೆ ಕೂರಲು ಒಂದು ಕುಳಿ. ಎರಡೂ ತುದಿಗೆ ಎಲೆಯಂಥ ಹಲಗೆಯಿರುವ ಉದ್ದನೆಯ ಹುಟ್ಟುಗೋಲು. ಬದಿಯಲ್ಲಿ ಗಾಳದ ದಾರ. ಅಂಥ ದೋಣಿಯಿಂದ ಬೀಳುವುದು ಸುಲಭ. ಹತ್ತುವುದು ಸುಲಭವಲ್ಲ.

ಬಿದ್ದವರನ್ನು ಯಾರೂ ಮುಟ್ಟಬಾರದು. ಅವರ ದೋಣಿಯನ್ನೂ ಮುಟ್ಟಬಾರದು. ಸುತ್ತ ನಿಂತು ಎಷ್ಟು ಬೇಕಾದರೂ ಮಾತಾಡಬಹುದು. ಬಿದ್ದವನು “ಕೈ ಕೊಡಿ” ಎಂದರೆ ಎಲ್ಲರೂ ಕೈ ಕೊಡುತ್ತಿದ್ದರು. ಆಗ ಜೀವ ಉಳಿಯುತ್ತಿತ್ತು, ವಯಸ್ಸು ಇದ್ದಲ್ಲೇ ಇರುತ್ತಿತ್ತು. ಬೇಕೆಂದೇ ದೋಣಿ ಮಗುಚಿಕೊಂಡರೂ ಅಷ್ಟೆ. ಕಡಲು ಕೊಡದ ವಯಸ್ಸನ್ನು ಊರು ಕೊಡುತ್ತಿರಲಿಲ್ಲ.

ಆ ಊರಿನಲ್ಲಿ ಎಂದೂ ಮಗುಚದವನು ಒಬ್ಬನೇ ಇದ್ದ. ಅವನ ವಯಸ್ಸು ಒಮ್ಮೆಯೂ ಮೊದಲಿಗೆ ಮರಳಿರಲಿಲ್ಲ, ಹಾಗಾಗಿ ಅವನನ್ನು ಹಿರಿಯ ಎಂದು ಕರೆಯುತ್ತಿದ್ದರು.

ಅವನ ಬೆನ್ನು ನೇರವಾಗಿತ್ತು. ಅಲೆ ಎಡಕ್ಕೆ ಬಂದರೆ ಅವನ ಸೊಂಟ ಬಲಕ್ಕೆ ವಾಲುತ್ತಿತ್ತು, ಬಲಕ್ಕೆ ಬಂದರೆ ಎಡಕ್ಕೆ. ಅವನು ವಾಲಿಸುತ್ತಿರಲಿಲ್ಲ, ತಾನಾಗಿ ವಾಲುತ್ತಿತ್ತು. ದಾರಕ್ಕೆ ತನಗಿಂತ ಭಾರದ ಮೀನು ಸಿಕ್ಕಿದರೆ ಸೊಂಟದ ಚೂರಿ ತೆಗೆದು ದಾರ ಕತ್ತರಿಸುತ್ತಿದ್ದ. ಹಿಂದೆ ನೋಡುತ್ತಿರಲಿಲ್ಲ.

ಊರಿನವರು ಊಟಕ್ಕೆ ಕೂರುತ್ತಿದ್ದದ್ದು ಕಡಲಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳ ಮೇಲೆ, ವಯಸ್ಸಿನ ಪ್ರಕಾರ. ಎಲ್ಲರಿಗಿಂತ ಚಿಕ್ಕವರು ಕೆಳಗೆ, ಕಾಲು ನೀರಿಗೆ ಬಿಟ್ಟುಕೊಂಡು. ಎಲ್ಲರಿಗಿಂತ ಮೇಲೆ ಹಿರಿಯ, ಒಬ್ಬನೇ. ಅವನ ಕೆಳಗಿನ ಮೆಟ್ಟಿಲಲ್ಲಿ ಉಪ್ಪಿನವಳು; ಅವಳು ಬಿದ್ದು ಬಹಳ ಕಾಲವಾಗಿತ್ತು. ಹಿರಿಯನ ಹೆಂಡತಿ ಬಲೆಯವಳು. ಅವಳು ಬಲೆ ನೇಯುತ್ತಿದ್ದಳು, ಮೀನು ಹಿಡಿಯುತ್ತಿದ್ದಳು, ಪದೇ ಪದೇ ಬೀಳುತ್ತಿದ್ದಳು. ಮದುವೆಯಾದ ವಾರವೇ ಬಿದ್ದಿದ್ದಳು. ಆಮೇಲೆ ಪ್ರತಿ ವರ್ಷ ಒಮ್ಮೆಯಾದರೂ ಬಿದ್ದಿದ್ದಳು. ಕಳೆದ ಮಳೆ ಮುಗಿದು ಕಡಲು ತೆರೆದ ದಿನ ಮತ್ತೆ ಬಿದ್ದು ಹತ್ತಿದವಳು ಈಗ ಊರಿಗೇ ಕಿರಿಯವಳಾಗಿ ಕೊನೆಯ ಮೆಟ್ಟಿಲಲ್ಲಿ ಕೂರುತ್ತಿದ್ದಳು.

ಗಂಡ ಹೆಂಡತಿಯ ಮಾತು ಊರಿನ ಬಾಯಿಂದ ಬಾಯಿಗೆ ಇಳಿದು ಹೋಗಬೇಕಿತ್ತು.

“ಮಂಡಿನೋವು ಹೇಗಿದೆ ಅಂತ ಕೇಳಿ,” ಎನ್ನುತ್ತಿದ್ದ ಹಿರಿಯ.

ಉಪ್ಪಿನವಳು ಕೆಳಗೆ ತಿರುಗಿ, “ಮಂಡಿ ಹೇಗಿದೆಯಂತೆ ಕೇಳಿ,” ಎನ್ನುತ್ತಿದ್ದಳು. ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು. ಉತ್ತರ ಮೇಲೆ ಬರುವಷ್ಟರಲ್ಲಿ ಅದಕ್ಕೆ ಊರೆಲ್ಲದರ ಮದ್ದೂ ಸೇರಿರುತ್ತಿತ್ತು.

“ಕಡಿಮೆಯಾಗಿದೆಯಂತೆ ಹಿರಿಯಾ. ಡೋಲಿನವ ಎಳ್ಳೆಣ್ಣೆ ಹಚ್ಚು ಅಂದನಂತೆ. ಅವನ ಮುಖಕ್ಕೆ ಹಚ್ಚಿಕೊಳ್ಳಲಿ ಅಂದಳಂತೆ.”

ಹಿರಿಯ ನಗುತ್ತಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಒಬ್ಬನೇ ನಗುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

ಮನೆಯೊಳಗೂ ಮೆಟ್ಟಿಲುಗಳಿದ್ದವು. ಆ ಊರಿನ ಮನೆಗಳನ್ನು ಕಟ್ಟುತ್ತಿದ್ದದ್ದೇ ಹಾಗೆ.

ಹೊಸಬರಿಗೆ ದೋಣಿ ಹತ್ತುವುದನ್ನು ಕಲಿಸುವುದು ಹಿರಿಯನ ಕೆಲಸ. ಮರಳ ಮೇಲೆ ಒಂದು ದೋಣಿ ಇಟ್ಟು ಅವನು ಹೇಳಿಕೊಡುತ್ತಿದ್ದ: “ತೆಂಗಿನಮರ ಅಪ್ಪಿದ ಹಾಗೆ ದೋಣಿಯನ್ನು ಅಪ್ಪಿಕೋ. ಎದೆ ಎತ್ತು. ತೋಳಿನ ಬಲದಿಂದ ಮೇಲೆ ಹತ್ತು.” ಮರಳ ಮೇಲೆ ದೋಣಿ ಅಲುಗುತ್ತಿರಲಿಲ್ಲ. ಕಲಿಯುವವರು ಹತ್ತುತ್ತಿದ್ದರು. ಹಿರಿಯ ತಲೆದೂಗುತ್ತಿದ್ದ.

ಕಡಲಲ್ಲಿ ಯಾರಾದರೂ ಬಿದ್ದಾಗ ಹಿರಿಯ ಬೆನ್ನು ತಿರುಗಿಸಿ ದೂರ ಹೋಗಬೇಕೆಂದು ರೂಢಿ. ಬಿದ್ದವರ ನಾಚಿಕೆ ಹಿರಿಯನ ಕಣ್ಣಿಗೆ ಬೀಳಬಾರದು. ಅವನಿಗೆ ಕೇಳುತ್ತಿದ್ದದ್ದು ದೂರದ ಗದ್ದಲ, ಕೇಕೆ, ಕೊನೆಗೆ ಡೋಲು. ತನ್ನ ಪಾಠವನ್ನೇ ಎಲ್ಲರೂ ಕೂಗಿ ಹೇಳುತ್ತಿದ್ದಾರೆ ಎಂದು ಅವನು ತಿಳಿದಿದ್ದ.

ಮಳೆಗಾಲಕ್ಕೆ ಮುಂಚೆ ಕಡಲು ಮುಚ್ಚುವ ಕೊನೆಯ ದಿನ ಬಂತು. ಅಂದು ಸಂಜೆ ಹಿರಿಯನನ್ನು ಎತ್ತರದ ಕಲ್ಲಿನ ಮೇಲೆ ಕೂರಿಸುವುದೆಂದು ಊರು ನಿಶ್ಚಯಿಸಿತ್ತು. ಅದಕ್ಕಿಂತ ದೊಡ್ಡ ಮರ್ಯಾದೆ ಅಲ್ಲಿ ಇರಲಿಲ್ಲ. ಕಲ್ಲೇರಿದವನು ಮತ್ತೆ ಇಳಿಯುವಂತಿಲ್ಲ. ಅವನ ದೋಣಿಯನ್ನು ಬೋರಲು ಹಾಕಿ ಅವನ ತಲೆಯ ಮೇಲೆ ಸೂರು ಮಾಡುತ್ತಾರೆ. ಅನ್ನ ಬುಟ್ಟಿಯಲ್ಲಿ ಮೇಲೆ ಹೋಗುತ್ತದೆ, ಖಾಲಿ ಬುಟ್ಟಿ ಕೆಳಗೆ ಬರುತ್ತದೆ. ಅಲ್ಲಿಗೆ ಮೆಟ್ಟಿಲುಗಳಿಲ್ಲ. ಮಾತು ಏರಿ ಹೋಗಲು ಬಾಯಿಗಳೂ ಇಲ್ಲ.

ಬೆಳಿಗ್ಗೆ ದೋಣಿಗಳನ್ನು ನೀರಿಗೆ ನೂಕುವಾಗ ಬಲೆಯವಳು ದೂರದಲ್ಲಿ ತನ್ನ ದೋಣಿಯ ಬಳಿ ನಿಂತಿದ್ದಳು. ಉಪ್ಪಿನವಳು ನಡುವೆ ನಿಂತಳು.

“ಹುಷಾರಾಗಿ ಹೋಗಿಬನ್ನಿ ಅಂತ ಹೇಳಬೇಡಿ ಅಂದಿದ್ದಾಳೆ,” ಎಂದಳು ಉಪ್ಪಿನವಳು.

“ಮತ್ತೆ ಏನು ಹೇಳು ಅಂದಿದ್ದಾಳೆ?”

“ಅದನ್ನು ಹೇಳಲು ನನಗೆ ಬಾಯಿ ಬಾರದು ಹಿರಿಯಾ. ಇವತ್ತಾದರೂ ಆ ಬೆನ್ನು ಸ್ವಲ್ಪ ಬಗ್ಗಿಸಲಿ ಅಂದಳು.”

ಹಿರಿಯ ಹೆಂಡತಿಯ ಕಡೆ ನೋಡಿದ. ಅವಳು ಹುಟ್ಟುಗೋಲನ್ನು ಮರಳಿಗೆ ಕುಟ್ಟುತ್ತ ಬೇರೆಲ್ಲೋ ನೋಡುತ್ತಿದ್ದಳು. ಅವನಿಗೆ ಕಲ್ಲು ಬೇಕಿರಲಿಲ್ಲ. ಬೇಡವೆನ್ನುವ ಮಾತನ್ನು ಹಿರಿಯನಾದವನು ಎಲ್ಲಿಂದ ಶುರುಮಾಡಬೇಕೆಂದು ತಿಳಿದಿರಲಿಲ್ಲ. ಬೀಳೋಣವೆಂದರೆ ಬೇಕೆಂದು ಬೀಳುವಂತಿಲ್ಲ. ಬೀಳದಿರುವುದನ್ನು ಬಿಟ್ಟು ಅವನ ಮೈಗೆ ಬೇರೇನೂ ಬರುತ್ತಿರಲಿಲ್ಲ.

ಅವನು ದೋಣಿಯಲ್ಲಿ ಕೂತ. ಬೆನ್ನು ನೇರವಾಯಿತು.

ಕಡಲು ಅಂದು ಹಸಿರಾಗಿತ್ತು. ಮೋಡಗಳು ಪಶ್ಚಿಮದಲ್ಲಿ ಒಂದರ ಹಿಂದೊಂದು ಬಂದು ನಿಂತಿದ್ದವು. ಅಲೆ ಎಡಕ್ಕೆ ಬಂತು, ಸೊಂಟ ಬಲಕ್ಕೆ ವಾಲಿತು. ಅಲೆ ಬಲಕ್ಕೆ ಬಂತು, ಸೊಂಟ ಎಡಕ್ಕೆ ವಾಲಿತು. ಮಧ್ಯಾಹ್ನ ಕಳೆಯಿತು. ಊರಿನ ದೋಣಿಗಳೆಲ್ಲ ಅವನ ಸುತ್ತ ದೂರ ದೂರ ಹರಡಿದ್ದವು, ಅವನ ಕೊನೆಯ ದಿನವನ್ನು ನೋಡಲು.

ದಾರ ಬಿಗಿಯಿತು.

ದೋಣಿ ತಿರುಗಿತು. ಮೂತಿ ನೀರಿಗೆ ಬಾಗಿತು. ತನಗಿಂತ ಭಾರದ್ದು ಎಂದು ಹಿರಿಯನಿಗೆ ತಕ್ಷಣ ತಿಳಿಯಿತು. ಕೈ ಸೊಂಟಕ್ಕೆ ಹೋಯಿತು, ಚೂರಿ ಕೈಗೆ ಬಂತು, ಅಲಗು ದಾರದ ಮೇಲೆ ಕೂತಿತು. ಇಲ್ಲಿಯವರೆಗೆ ಅವನು ಕತ್ತರಿಸಿದ ಎಲ್ಲ ದಾರಗಳ ಆಚೆ ತುದಿಯಲ್ಲಿ ಏನಿತ್ತೆಂದು ಅವನು ಎಂದೂ ನೋಡಿರಲಿಲ್ಲ. ನಾಳೆಯಿಂದ ದಾರವೇ ಇರುವುದಿಲ್ಲ. ಒಮ್ಮೆ ನೋಡಿ ಕತ್ತರಿಸೋಣವೆಂದು ಅವನು ಕಾದ.

ನೀರಿನ ಅಡಿಯಲ್ಲಿ ಒಂದು ಬಿಳುಪು ಮೇಲೆ ಬಂತು. ಮೀನು ಪಕ್ಕಕ್ಕೆ ಹೊರಳಿತು. ತಾಮ್ರದ ಕೊಡ ತೊಳೆದು ಬಿಸಿಲಿಗೆ ಇಟ್ಟಂತೆ ಅದರ ಮೈ ಹೊಳೆಯಿತು. ಅದರ ಕಣ್ಣು ಅವನನ್ನು ನೋಡಿತು.

“ಅಯ್ಯೋ, ಎಷ್ಟು ಚೆನ್ನಾಗಿದ್ದೀಯ!” ಎಂದ ಹಿರಿಯ. ಇನ್ನಷ್ಟು ಕಾಣಲೆಂದು ಬಗ್ಗಿದ.

ಅಲೆ ಎಡಕ್ಕೆ ಬಂತು. ಸೊಂಟವೂ ಎಡಕ್ಕೇ ಇತ್ತು.

ನೀರು ಅವನ ಕಿವಿ, ಮೂಗು, ಬಾಯಿಗಳೊಳಗೆ ಒಟ್ಟಿಗೇ ನುಗ್ಗಿತು. ಮೇಲು ಯಾವುದು ಕೆಳಗು ಯಾವುದು ಎಂದು ತಿಳಿಯಲಿಲ್ಲ. ಚೂರಿ ಹೋಯಿತು, ದಾರ ಹೋಯಿತು, ಮೀನು ಹೋಯಿತು. ಹಸಿರು ಬೆಳಕಿನೊಳಗೆ ಅವನು ಒಮ್ಮೆ ಸುತ್ತಿದ. ಆಮೇಲೆ ತಲೆ ಹೊರಗೆ ಬಂತು, ಗಾಳಿ ಬಂತು. ಪಕ್ಕದಲ್ಲಿ ಅವನ ದೋಣಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಆ ಹೊಟ್ಟೆಯನ್ನು ಅವನು ಕಡಲಲ್ಲಿ ಹಿಂದೆಂದೂ ಕಂಡಿರಲಿಲ್ಲ.

ದೋಣಿಗಳು ಎಲ್ಲ ಕಡೆಯಿಂದ ಬಂದವು. ಹತ್ತಿರ ಬಂದು, ಮುಟ್ಟದಷ್ಟು ದೂರದಲ್ಲಿ, ಬಳೆಯಂತೆ ಸುತ್ತ ನಿಂತವು.

“ಬೇಕೆಂದೇ ಬಿದ್ದರೋ?” ಎಂದು ಉಪ್ಪಿನವಳು ಮೆಲ್ಲಗೆ ಕೇಳಿದಳು. ಅವಳು ಕೇಳಲೇಬೇಕಿತ್ತು, ಎರಡನೆಯ ಹಿರಿಯಳು ಅವಳು.

“ಮುಖ ನೋಡಿದೆ ನಾನು,” ಎಂದ ಡೋಲಿನವ. “ಬೇಕೆಂದು ಬೀಳುವವನ ಮುಖವಲ್ಲ ಅದು, ಮಾರಾಯ್ತಿ. ಮದುವೆಯ ಮನೆಗೆ ಇಣುಕುವವನ ಮುಖ.”

ಹಿರಿಯ ದೋಣಿಯ ಬೆನ್ನಡಿಗೆ ಕೈ ಹಾಕಿ ಅದನ್ನು ಹೊರಳಿಸಿ ನೇರ ಮಾಡಿದ. ಆಮೇಲೆ ತನ್ನ ಪಾಠವನ್ನು ನೆನೆದ. ತೆಂಗಿನಮರ ಅಪ್ಪಿದಂತೆ ದೋಣಿಯನ್ನು ಅಪ್ಪಿದ. ಎದೆ ಎತ್ತಿದ. ತೋಳಿನ ಬಲದಿಂದ ಮೇಲೆ ಎಳೆದುಕೊಂಡ.

ಕಾಲುಗಳು ದೋಣಿಯ ಅಡಿಗೆ ಹೋದವು. ದೋಣಿ ಅವನ ಮೇಲೇ ಮಗುಚಿತು.

ಮೇಲೆ ಬಂದ. ಉಗುಳಿದ. ದೋಣಿಯನ್ನು ನೇರ ಮಾಡಿದ. ಅಪ್ಪಿದ, ಎದೆ ಎತ್ತಿದ, ಎಳೆದ. ಮಗುಚಿತು. ಮತ್ತೆ ಅಪ್ಪಿದ. ಮತ್ತೆ ಮಗುಚಿತು.

ಸುತ್ತ ಯಾರೂ ಮಾತಾಡಲಿಲ್ಲ.

ಮಾತಾಡುವಂತಿರಲಿಲ್ಲ. ಕಿರಿಯರು ಹಿರಿಯರನ್ನು ತಿದ್ದಬಾರದು. ಹತ್ತಿ ಕೂರುವ ತನಕ ಅವನು ಹಿರಿಯನೇ. ಅವನ ಪಾಠದಿಂದ ಯಾರೊಬ್ಬರೂ ಇಂದಿನವರೆಗೆ ದೋಣಿ ಹತ್ತಿರಲಿಲ್ಲ. ಬಿದ್ದವರೆಲ್ಲ ಮೊದಲು ತೆಂಗಿನಮರ ಅಪ್ಪುತ್ತಿದ್ದರು, ಮುಳುಗುತ್ತಿದ್ದರು, ಆಮೇಲೆ ಸುತ್ತಲಿನವರು “ಅದನ್ನು ಬಿಡು, ಇದನ್ನು ಮಾಡು” ಎಂದು ಕೂಗುತ್ತಿದ್ದರು. ಅದನ್ನು ಅವನಿಗೆ ಹೇಳುವ ವಯಸ್ಸು ಯಾರಿಗೂ ಆಗಿರಲಿಲ್ಲ. ಹೇಳುವ ಮನಸ್ಸೂ ಯಾರಿಗೂ ಇರಲಿಲ್ಲ. ಮರಳ ಮೇಲೆ ಅವನು ತಲೆದೂಗುವ ರೀತಿ ಎಲ್ಲರಿಗೂ ಇಷ್ಟವಾಗಿತ್ತು. ಈಗ ಎಲ್ಲರೂ ಹುಟ್ಟುಗೋಲು ಎದೆಗೊತ್ತಿಕೊಂಡು, ತಲೆ ಬಾಗಿಸಿ, ಮರ್ಯಾದೆಯಿಂದ ನೋಡುತ್ತಿದ್ದರು.

ಹಿರಿಯನ ತೋಳುಗಳು ಹಗ್ಗದಂತೆ ಸಡಿಲಾದವು. ಹಲ್ಲು ಕಟಕಟ ಎಂದಿತು. “ಕೈ ಕೊಡಿ” ಎನ್ನುವ ಮಾತು ಎದೆಯಿಂದ ಗಂಟಲಿಗೆ ಬಂತು. ಅಷ್ಟು ಹೇಳಿದರೆ ಸಾಕು. ಹತ್ತಾರು ಕೈಗಳು ಬರುತ್ತವೆ. ಒಣಬಟ್ಟೆ ಬರುತ್ತದೆ. ಸಂಜೆಗೆ ಕಲ್ಲು ಬರುತ್ತದೆ.

“ಕೈ…” ಎಂದ ಹಿರಿಯ. ಒಂದು ಅಲೆ ಬಂದು ಉಳಿದದ್ದನ್ನು ನುಂಗಿತು.

“ಕೈಯೂ ಇಲ್ಲ, ಕಾಲೂ ಇಲ್ಲ!” ಎಂದು ಒಂದು ದನಿ ಕೂಗಿತು. “ಏ ಮುದಿಯಾ! ನಿನ್ನ ಪಾಠಕ್ಕೆ ಬೆಂಕಿ ಹಾಕ! ಅದು ತೆಂಗಿನಮರವಲ್ಲವೋ, ದೋಣಿ!”

ಬಲೆಯವಳು ದೋಣಿಯಲ್ಲಿ ಅರ್ಧ ಎದ್ದು ನಿಂತಿದ್ದಳು. ದೋಣಿಗಳ ಬಳೆಯ ಆಚೆಯಿಂದ ಈಚೆಗೆ ಒಂದು ಉಸಿರು ಸರಿದು ಹೋಯಿತು.

“ಹಿರಿಯನಿಗೆ ಹಾಗೆ ಅನ್ನಬಹುದಾ ತಂಗೀ?” ಎಂದಳು ಉಪ್ಪಿನವಳು.

“ನಾನು ಕೂಸು!” ಎಂದಳು ಬಲೆಯವಳು. “ಹುಟ್ಟಿ ಇನ್ನೂ ವರ್ಷವಾಗಿಲ್ಲ. ಹಲ್ಲು ಬಂದಿಲ್ಲ. ಕೂಸಿಗೆ ಯಾರು ಮರ್ಯಾದೆ ಕಲಿಸಿದ್ದಾರೆ? ನೀವು ಕಲಿಸಿದಿರಾ? ಕಲಿಸಿಲ್ಲ. ನಾನು ಬಾಯಿಗೆ ಬಂದದ್ದು ಹೇಳುತ್ತೇನೆ.” ಗಂಡನ ಕಡೆ ತಿರುಗಿದಳು. “ನಿನ್ನ ಪಾಠದಿಂದ ಈ ಊರಿನ ಒಂದು ನಾಯಿಯೂ ದೋಣಿ ಹತ್ತಿಲ್ಲ. ಕೇಳಿಸಿತಾ? ಪ್ರತಿ ಸಲ ಮುಳುಗಿದ್ದೇನೆ ನಾನು, ನಿನ್ನ ತೆಂಗಿನಮರ ಅಪ್ಪಿಕೊಂಡು! ಪ್ರತಿ ಸಲ!”

ಹಿರಿಯ ಬಾಯಿಯ ನೀರು ಉಗುಳಿದ.

“ಹೌದಾ?” ಎಂದು ಅವನು ಡೋಲಿನವನನ್ನು ಕೇಳಿದ.

ಡೋಲಿನವ ಆಚೆ ಈಚೆ ನೋಡಿದ. “ನಾನೂ ಚಿಕ್ಕವನೇ,” ಎಂದ. “ಹೋದ ಮಳೆಗೆ ಮುಂಚೆಯಷ್ಟೇ ಹುಟ್ಟಿದವನು. ಮೂಗಿನಲ್ಲಿ ನೀರು ಹೋಗಿ ಸತ್ತೇ ಹೋಗಿದ್ದೆ ಹಿರಿಯಾ, ಸುಳ್ಳು ಯಾಕೆ ಹೇಳಲಿ?”

“ನಾನೂ!” ಎಂದಿತು ಇನ್ನೊಂದು ದೋಣಿ.

“ನನ್ನ ಅಜ್ಜಿಯೂ!”

“ನಾನೇನೂ ದೊಡ್ಡವಳಲ್ಲ,” ಎಂದಳು ಕೊನೆಗೆ ಉಪ್ಪಿನವಳು, ಬಹಳ ದೊಡ್ಡವಳಾದರೂ. “ಮೂರು ಸಲ ಕುಡಿದೆ ಕಡಲನ್ನು. ಉಪ್ಪಿನ ವ್ಯಾಪಾರ ಹಿಡಿದದ್ದೇ ಆಮೇಲೆ.”

ಆಗ ಹಿರಿಯ ನಕ್ಕ.

ಮೊದಲು ಅದು ಕೆಮ್ಮಿನಂತೆ ಬಂತು. ಆಮೇಲೆ ಹೊಟ್ಟೆಯಿಂದ ಬಂತು. ಮರಳ ಮೇಲೆ ತಲೆದೂಗುತ್ತಿದ್ದ ತನ್ನನ್ನು ಅವನು ನೋಡಿದ, ಆ ಮುಖವನ್ನು, ಆ ನೇರ ಬೆನ್ನನ್ನು. ಎಲ್ಲ ವರ್ಷಗಳ ಎಲ್ಲ ತಲೆದೂಗುವಿಕೆಗಳನ್ನೂ ನೋಡಿದ. ನಗುವ ಮನುಷ್ಯ ಮರವನ್ನು ಅಪ್ಪಲಾರ. ಅವನ ತೋಳುಗಳು ದೋಣಿಯನ್ನು ಬಿಟ್ಟವು. ಬೆನ್ನು ಬಗ್ಗಿತು. ಕಾಲುಗಳು ದೋಣಿಯಡಿಯಿಂದ ಜಾರಿ ಬಂದು, ತಾವಾಗಿಯೇ ಮೇಲೆ ತೇಲಿದವು.

“ಅಗೋ ಕಾಲು!” ಎಂದು ಬಲೆಯವಳು ಚೀರಿದಳು. “ಅದೇ! ಹಾಗೇ ಇರು! ಮೀನಿನ ಹಾಗೆ ಮಲಗು! ಆ ಕಡೆಯ ಅಂಚು ಹಿಡಿ, ಎಳೆಯಬೇಡ. ಕಾಲು ಬಡಿ! ಬಡಿ ಮಾರಾಯ, ಅಡುಗೆಮನೆಯಲ್ಲಿ ಬೆಕ್ಕು ಓಡಿಸುವ ಹಾಗಲ್ಲ, ಜೋರಾಗಿ!”

ಬಳೆಯ ಎಲ್ಲ ಕಡೆಯಿಂದ ಕೂಗು ಎದ್ದಿತು. ಡೋಲು ಅದರೊಳಗೆ ಬಂತು. ಬಿದ್ದವರಿಗೆಲ್ಲ ಊರು ಕೂಗುವ, ಹಿರಿಯನ ಕಿವಿಗೆ ಮಾತ್ರ ಎಂದೂ ಬೀಳದ ಕೂಗು ಅದು:

“ಹೊಟ್ಟೆ! ಆಮೇಲೆ ಕುಂಡೆ! ಆಮೇಲೆ ಕಾಲು!

ಹೊಟ್ಟೆ! ಆಮೇಲೆ ಕುಂಡೆ! ಆಮೇಲೆ ಕಾಲು!”

“ಇದಾ ನೀವು ಕೂಗುತ್ತಿದ್ದದ್ದು?” ಎಂದ ಹಿರಿಯ. ಮತ್ತೆ ನಗು ಬಂತು, ಮತ್ತೆ ನೀರು ಕುಡಿದ.

“ಆಮೇಲೆ ನಗು! ಮೊದಲು ಹೊಟ್ಟೆ!”

ಅವನು ಕಾಲು ಬಡಿದ. ನೀರು ಬಿಳಿಯಾಯಿತು. ಅವನು ಹತ್ತಲಿಲ್ಲ, ಈಜುತ್ತ ಈಜುತ್ತ ದೋಣಿಯ ಮೇಲೆ ಜಾರಿದ. ಎದೆ ಬಂತು, ಹೊಟ್ಟೆ ಬಂತು. ಹೊಕ್ಕುಳು ದೋಣಿಯ ನಡುವೆ ಕೂತಿತು. ತಲೆ ಆ ಬದಿಗೆ, ಕಾಲು ಈ ಬದಿಗೆ, ಒಣಹಾಕಿದ ಬಟ್ಟೆಯಂತೆ ಅವನು ಅಡ್ಡ ಬಿದ್ದಿದ್ದ. ದೋಣಿ ಅಲ್ಲಾಡಿತು, ಮಗುಚಲಿಲ್ಲ.

“ಹೊಟ್ಟೆ ಆಯಿತು! ಉಸಿರು ತಗೋ! ಅವಸರ ಯಾರಿಗೂ ಇಲ್ಲ.”

ಅವನು ಉಸಿರು ತೆಗೆದುಕೊಂಡ. ಮೂಗು ನೀರಿಗೆ ತಾಗುತ್ತಿತ್ತು. ಅಷ್ಟು ಹತ್ತಿರದಿಂದ ಅವನು ಕಡಲನ್ನು ನೋಡಿರಲಿಲ್ಲ. ಅದರಲ್ಲಿ ದೂಳಿನಷ್ಟು ಸಣ್ಣ ಜೀವಗಳು ಹೊಳೆಯುತ್ತ ಏರಿಳಿಯುತ್ತಿದ್ದವು.

“ಈಗ ಹೊರಳು! ಕುಂಡೆ ಕುಳಿಗೆ!”

ಅವನು ಹೊರಳಿದ. ದೋಣಿ ಬಲಕ್ಕೆ ಬಾಗಿತು, ಊರೆಲ್ಲ ತಮ್ಮ ತಮ್ಮ ದೋಣಿಗಳಲ್ಲಿ ಎಡಕ್ಕೆ ಬಾಗಿತು. ಅವನು ಕುಳಿಯೊಳಗೆ ದೊಪ್ಪನೆ ಕೂತ. ಒಂದು ಕಾಲು ಎಳೆದುಕೊಂಡ. ಇನ್ನೊಂದು ಕಾಲು ಎಳೆದುಕೊಂಡ.

ಡೋಲು ನಿಂತಿತು.

ಆಮೇಲೆ ಕೇಕೆ. ಹುಟ್ಟುಗೋಲುಗಳು ನೀರನ್ನು ಬಡಿದವು, ನೀರು ಎದ್ದು ಎಲ್ಲರ ಮೇಲೆ ಬಿತ್ತು. ಆ ಗದ್ದಲಕ್ಕೆ ಇಬ್ಬರು ಆಯ ತಪ್ಪಿ ಬಿದ್ದರು. ಅವರಿಗೂ ಕೂಗಬೇಕಾಯಿತು.

“ಹೆಣ್ಣೋ ಗಂಡೋ?” ಎಂದು ಯಾರೋ ಕೇಳಿದರು.

“ಗಂಡು,” ಎಂದಳು ಬಲೆಯವಳು, ಕಣ್ಣು ಒರೆಸಿಕೊಳ್ಳುತ್ತ. “ಬೋಳುತಲೆ. ಬುದ್ಧಿ ಇನ್ನೂ ಗೊತ್ತಾಗಿಲ್ಲ.”

ಅವನು ದಡದ ಕಡೆ ಹುಟ್ಟು ಹಾಕಿದ. ಅಲೆ ಎಡಕ್ಕೆ ಬಂತು, ಅವನು ಎಡಕ್ಕೇ ವಾಲಿ ಗಾಬರಿಯಾದ. ಅಲೆ ಬಲಕ್ಕೆ ಬಂತು, ಅವನು “ಅಮ್ಮಾ” ಎಂದ. ಅವನ ಮೈ ತನಗೆ ಬರುತ್ತಿದ್ದದ್ದನ್ನೆಲ್ಲ ಮರೆತಿತ್ತು. ದಾರಿಯುದ್ದಕ್ಕೂ ಅವನು ಹೆದರಿದ, ದಾರಿಯುದ್ದಕ್ಕೂ ನಕ್ಕ.

ದಡದಲ್ಲಿ ಕಲ್ಲಿಗೆ ಹೂವು ಸುತ್ತಿ ಇಟ್ಟಿದ್ದರು. ಎಲ್ಲರೂ ಕಲ್ಲನ್ನು ನೋಡಿದರು, ಆಮೇಲೆ ಉಪ್ಪಿನವಳನ್ನು ನೋಡಿದರು.

“ನನ್ನನ್ನು ಯಾಕೆ ನೋಡುತ್ತೀರಿ?” ಎಂದಳು ಉಪ್ಪಿನವಳು. “ನಾನು ಒಮ್ಮೆ ಬಿದ್ದವಳು, ನನಗೆ ಕಲ್ಲು ಸಲ್ಲುವುದಿಲ್ಲ. ಬೇಕಾದರೆ ಅದರ ಮೇಲೆ ಉಪ್ಪುಮೀನು ಒಣಗಿಸುತ್ತೇನೆ. ಒಳ್ಳೆಯ ಬಿಸಿಲು ಬೀಳುತ್ತದೆ ಅಲ್ಲಿ.” ಅದು ಸರಿಯೆಂದು ಎಲ್ಲರಿಗೂ ತೋರಿತು.

ಬಿಸಿನೀರು ಹೊಯ್ದರು. ಬಲೆಯ ತೊಟ್ಟಿಲಲ್ಲಿ ತೂಗಿದರು. ಅವನು ಉದ್ದವಾಗಿದ್ದರಿಂದ ಕಾಲುಗಳು ಹೊರಗೆ ಉಳಿದವು, ಹೋಗಿಬರುವವರೆಲ್ಲ ಅಂಗಾಲಿಗೆ ಕಚಗುಳಿ ಇಟ್ಟರು. ಸಂಜೆ ಊಟಕ್ಕೆ ಅವನನ್ನು ಎತ್ತಿ ತಂದು ಕೊನೆಯ ಮೆಟ್ಟಿಲಲ್ಲಿ ಕೂರಿಸಿದರು. ಅವನು ಹತ್ತಿದ ಮೇಲೆ ಬಿದ್ದಿದ್ದ ಇಬ್ಬರು ಅವನಿಗಿಂತ ಚಿಕ್ಕವರು, ಆದರೆ ಅವರು ತೊಟ್ಟಿಲಲ್ಲೇ ನಿದ್ದೆಹೋಗಿದ್ದರು. ಹುಟ್ಟಿದ ದಿನದ ಕೂಸು ತಾನಾಗಿ ಕೂರಲಾರದು. ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡವರು ಕೆಳಗಿಳಿದು ಬೆನ್ನಿಗೆ ಕೈ ಕೊಡಬೇಕೆಂದು ರೂಢಿ.

ಬಲೆಯವಳು ಇಳಿದು ಬಂದು ಪಕ್ಕದಲ್ಲಿ ಕೂತಳು. ಅವನ ಬೆನ್ನ ಮೇಲೆ ಕೈ ಇಟ್ಟಳು. ಆ ಬೆನ್ನು ಬಾಗಿ ಅವಳ ಕೈಗೆ ಒರಗಿತು. ನಾಲ್ಕು ಕಾಲುಗಳು ನೀರಿನಲ್ಲಿದ್ದವು.

“ಮಂಡಿನೋವು ಹೇಗಿದೆ?” ಎಂದು ಅವನು ಕೇಳಿದ.

“ಕೂಸುಗಳು ಮಾತಾಡುವುದಿಲ್ಲ,” ಎಂದಳು ಅವಳು. ಆಮೇಲೆ, ಅವನಿಗೆ ಮಾತ್ರ ಕೇಳುವಂತೆ, “ನೋಯುತ್ತದೆ,” ಎಂದಳು. ಅವನು ಕೈಯಿಟ್ಟು ಒತ್ತಿದ.

ಮೇಲಿನ ಮೆಟ್ಟಿಲಿನಿಂದ ಉಪ್ಪಿನವಳು, ಹುಟ್ಟಿದವರನ್ನು ಊರು ಅಂದು ಕೇಳಬೇಕಾದ ಒಂದೇ ಒಂದು ಪ್ರಶ್ನೆಯನ್ನು ಕೇಳಿದಳು:

“ಕೂಸೇ, ನಿನಗೆ ಏನು ಬೇಕು?”

ಪಶ್ಚಿಮದ ಮೋಡಗಳು ಬಿಚ್ಚಿಕೊಂಡವು. ಮೊದಲ ಹನಿಗಳು ಕಡಲಿನ ಮೇಲೆ ಬಿದ್ದವು, ಮೆಟ್ಟಿಲುಗಳ ಮೇಲೆ ಬಿದ್ದವು, ಎಲೆಯ ಮೇಲಿನ ಗಂಜಿಗೆ ಬಿದ್ದವು. ಯಾರೂ ಏಳಲಿಲ್ಲ. ಇಡೀ ಊರು ಕಾಯುತ್ತಿತ್ತು.

ಅವನು ನೀರನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವನ ಮುಖ ತುಂಬಾ ಅರಳಿತು.

“ಇನ್ನೊಂದು ಸಲ,” ಎಂದ.